ತಮಾಷೆ ಕಥೆಯ ಟೀ, ನಮ್ಮ ಕ್ಲಾಸಿನ ಹಾಲು

ಇಂಗ್ಲಿಷಿನ ಒಂದು ತಮಾಷೆ ವಿಜ್ಞಾನ ಕಾದಂಬರಿಯಲ್ಲಿ ಆಗದ್ದನ್ನು ಆಗಿಸುವ ಯಂತ್ರ ಬರುತ್ತದೆ. ಅದಕ್ಕೆ ಬೇಕಾದ್ದು ಒಂದು ಲೋಟ ಬಿಸಿ ಟೀ! ತೀರ್ಥಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ, ಹೊರಗೆ ಜೋರು ಮಳೆ ಹೊಡೀತಿದ್ದಾಗ, ಒಂಬತ್ತನೇ ಕ್ಲಾಸಿಗೆ ಈ ಕಥೆ ಹೇಳಿದೆ. ಎಲ್ಲರೂ ನಕ್ಕರು. ಒಬ್ಬ ಹುಡುಗ ಮಾತ್ರ "ಟೀ ಯಾಕೆ ಟೀಚರ್, ಪೆಟ್ರೋಲ್ ಯಾಕಲ್ಲ?" ಅಂದ.

ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ? ಟೀಯೊಳಗಿನ ಅಣುಗಳು ಒಂದು ಗಳಿಗೆಯೂ ಸುಮ್ನೆ ಇರುವುದಿಲ್ಲ, ದಿಕ್ಕು ದೆಸೆ ಇಲ್ಲದೆ ಓಡುತ್ತಲೇ ಇರುತ್ತವೆ. ಕಥೆಯ ಯಂತ್ರಕ್ಕೆ ಬೇಕಾದ್ದು ಆ ಓಟ. ಅಣು ನಮಗೆ ಕಾಣುವುದಿಲ್ಲ, ಆದರೆ ಅದರ ಹೊಡೆತ ತಿಂದ ಕಣ ಕಾಣುತ್ತದೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ನೋಡಿದ್ದು ಇದನ್ನೇ. ಸಾಮಾನ್ಯವಾಗಿ ಹೇಳುವ ಹಾಗೆ ಅವರು ನೋಡಿದ್ದು ಹೂವಿನ ಪರಾಗವನ್ನಲ್ಲ, ಪರಾಗದೊಳಗಿಂದ ನೀರಿಗೆ ಬಂದ ಪುಟ್ಟ ಕಣಗಳನ್ನು. ಜೀವ ಇದೆಯೇನೋ ಅಂತ ಗಾಜು, ಕಲ್ಲು ಪುಡಿ ಮಾಡಿ ಹಾಕಿದರೆ ಅವೂ ನಡುಗಿದವು.

ನಮ್ಮೂರಲ್ಲಿ ಟೀಗಿಂತ ಕಷಾಯ ಜಾಸ್ತಿ, ಹಾಗಾಗಿ ಮೊದಲು ಸೋಸಿದ ಕಷಾಯದ ಒಂದು ಹನಿಯನ್ನೇ ಸ್ಲೈಡ್ ಮೇಲೆ ಇಟ್ಟೆ. ಕೊತ್ತಂಬರಿ ಪುಡಿಯ ಚೂರುಗಳು ದಪ್ಪ, ಒಂದೂ ಅಲುಗಲಿಲ್ಲ. ಆಮೇಲೆ ಮನೆಯ ಹಾಲು ತಂದು, 1 ಹನಿ ಹಾಲಿಗೆ 20 ಹನಿ ನೀರು ಬೆರೆಸಿ, ಅದರ ಒಂದು ಹನಿಯ ಮೇಲೆ ಕವರ್ ಸ್ಲಿಪ್ ಅನ್ನುವ ತೆಳು ಗಾಜು ಮುಚ್ಚಿದೆ. ಮೋಡ ಕವಿದು ಮೈಕ್ರೋಸ್ಕೋಪಿನ ಕನ್ನಡಿಗೆ ಬೆಳಕೇ ಸಾಲದು, ಮೊಬೈಲ್ ಟಾರ್ಚ್ ಹಿಡಿದೆವು. 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಕೊಬ್ಬಿನ ಹನಿಗಳೆಲ್ಲ ತುಂಗೆಯಲ್ಲಿ ತೇಲಿದ ಎಲೆಗಳ ಹಾಗೆ ಒಂದೇ ಕಡೆ ಹೋಗುತ್ತಿದ್ದವು. ಮಕ್ಕಳು "ಕಾಣ್ತು, ಕಾಣ್ತು!" ಅಂತ ಕೂಗಿದರು. ನಾವು ಹುಡುಕುತ್ತಿದ್ದ ನಡುಕ ಅದಲ್ಲ. ಅಂಚಿನಲ್ಲಿ ನೀರು ಆರಿದರೆ ಹೀಗೆ ಹರಿಯುತ್ತದೆ. ಇದನ್ನು ನೀವೂ ಮಾಡುವುದಾದರೆ ಅಂಚಿಗೆ ವ್ಯಾಸಲೀನ್ ಸವರುವುದನ್ನು ಮರೆಯಬೇಡಿ, ಇಡೀ ಪ್ರಯೋಗ ನಿಂತಿರುವುದೇ ಅದರ ಮೇಲೆ.

ವ್ಯಾಸಲೀನ್ ಸವರಿ ಐದು ನಿಮಿಷ ಕಾದೆವು. ಹರಿವು ನಿಂತಿತು. ಆಮೇಲೆ ಒಬ್ಬಳು ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: "ದೊಡ್ಡವು ಕೂತಿವೆ ಟೀಚರ್, ಸಣ್ಣವು ಒದ್ದಾಡ್ತಿವೆ."

ದೊಡ್ಡ ಹನಿಗೆ ಸುತ್ತಲಿಂದಲೂ ಲೆಕ್ಕವಿಲ್ಲದಷ್ಟು ಪೆಟ್ಟು, ಒಂದು ಕಡೆಯದು ಇನ್ನೊಂದು ಕಡೆಯದಕ್ಕೆ ಸರಿಹೋಗುತ್ತದೆ. ಸಣ್ಣದಕ್ಕೆ ಸರಿಹೋಗುವುದಿಲ್ಲ, ನಡುಗುತ್ತದೆ. 1905ರಲ್ಲಿ ಐನ್‌ಸ್ಟೈನ್ ಇದರ ಲೆಕ್ಕ ಕೊಟ್ಟರು, ಫ್ರಾನ್ಸಿನ ವಿಜ್ಞಾನಿ ಜೀನ್ ಪೆರಿನ್ ಅಳೆದು ತೋರಿಸಿದರು, ಅಣು ಅನ್ನುವುದೇ ಇಲ್ಲ ಎನ್ನುತ್ತಿದ್ದವರಲ್ಲೂ ಹೆಚ್ಚಿನವರು ಆಮೇಲೆ ಒಪ್ಪಿದರು.

ಹಾಗಾದರೆ ಕಥೆಯಲ್ಲಿ ಆಗದ್ದು ಆಗುವುದು ಹೇಗೆ? ಮಕ್ಕಳ ಕೈಗೆ ನಾಣ್ಯ ಕೊಟ್ಟೆ. 10 ನಾಣ್ಯ ಎಸೆದರೆ ಎಲ್ಲವೂ ಹೆಡ್ ಬೀಳುವುದು 1024ರಲ್ಲಿ ಒಂದು ಸಲ. 20 ನಾಣ್ಯವಾದರೆ 10 ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ಇನ್ನು ಒಂದು ಗುಟುಕು, 18 ಗ್ರಾಂ ನೀರಿನಲ್ಲಿರುವ ಅಣುಗಳು 6ರ ಮುಂದೆ 23 ಸೊನ್ನೆಯಷ್ಟು. ಅವೆಲ್ಲ ಒಂದೇ ಗಳಿಗೆಯಲ್ಲಿ ಮೇಲಕ್ಕೆ ಹೊರಟರೆ ನೀರು ಲೋಟದಿಂದ ಹಾರಬೇಕು. ಸಾಧ್ಯತೆ ಸೊನ್ನೆಯಲ್ಲ, ಆದರೆ ವಿಶ್ವದ ಇಡೀ ಆಯುಷ್ಯ ಕಾದರೂ ಸಾಲದು. ಆ ಕಾದಂಬರಿಕಾರರು ನಗಿಸಿದ್ದು ಈ ಲೆಕ್ಕವನ್ನು ಹಿಡಿದುಕೊಂಡೇ, ಅದಕ್ಕೇ ನನಗೆ ಆ ಕಥೆ ಅಷ್ಟು ಇಷ್ಟ.

ಮರುದಿನ ಪೆಟ್ರೋಲ್ ಹುಡುಗ ಸಣ್ಣ ಬಾಟಲಿಯಲ್ಲಿ ಎಮ್ಮೆ ಹಾಲು ತಂದ. ದನದ ಹಾಲಿನ ಪಕ್ಕ ಇಟ್ಟು ನೋಡಿದೆವು. ಎಮ್ಮೆ ಹಾಲಿನಲ್ಲಿ ದಪ್ಪ ಹನಿಗಳು ಜಾಸ್ತಿ, ಸುಮ್ನೆ ಕೂತವೂ ಜಾಸ್ತಿ.