500 ಕುರ್ಚಿ ಬೇಡ, 60 ಸಾಕು

ಕಲಬುರಗಿಯಲ್ಲಿ ನಮ್ಮದು ಪೆಂಡಾಲು ಮತ್ತು ಮೈಕ್ ಸೆಟ್ಟಿನ ಅಂಗಡಿ. ಅಪ್ಪನ ಕಾಲದಿಂದ ಇದೇ ದಂಧೆ. ಮದುವೆ, ಪುರಾಣ, ಗಣಪತಿ, ಉರುಸು, ಜಯಂತಿ, ಚುನಾವಣೆ ಭಾಷಣ, ಎಲ್ಲದಕ್ಕೂ ಕುರ್ಚಿ ಹಾಕಿದ್ದೇನೆ. ಹಾಕಿದ ಮೇಲೆ ಮಿಕ್ಸರ್ ಪಕ್ಕ ಕೂತು ಕಾಯಬೇಕು. ಹಾಗೆ ಕೂತಾಗ ನಾನು ವೇದಿಕೆ ನೋಡಿದ್ದು ಕಡಿಮೆ, ಮಂದಿಯನ್ನು ನೋಡಿದ್ದೇ ಜಾಸ್ತಿ. ಯಾರು ಬಂದರು, ಎಲ್ಲಿ ನಿಂತರು, ಯಾವಾಗ ಎದ್ದು ಹೋದರು ಅನ್ನುವುದು ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಈಗ ತಿಂಗಳಿಗೊಂದು ಸಂಜೆ ನಮ್ಮ ಬಡಾವಣೆಯ ಮೂಲೆಯಲ್ಲಿ ತತ್ವಪದ, ಅಂದರೆ ಅನುಭಾವಿಗಳು ಕಟ್ಟಿದ ಪದಗಳನ್ನು ಹಾಡಿಸುತ್ತೇವೆ. ಟಿಕೆಟ್ ಇಲ್ಲ, ಮುಖ್ಯ ಅತಿಥಿ ಇಲ್ಲ, ಶಾಲು ಸನ್ಮಾನ ಇಲ್ಲ. ಇದು ನಿಂತುಕೊಳ್ಳಲಿಕ್ಕೆ ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ಬೇರೆ ಊರಿನ ಕೆಲವರು ಕೇಳಿದ್ದಾರೆ, ಅವರಿಗೂ ಆದೀತು.

ಶುರುವಾದದ್ದು ಕೊರೊನಾದಿಂದ. 2020ರ ಫೆಬ್ರುವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಾನು ಸುಮ್ನೆ ನೋಡಲಿಕ್ಕೆ ಅಂತ ಹೋಗಿದ್ದೆ. ಪುಸ್ತಕದ ಮಳಿಗೆಗಳ ನಡುವೆ ಹೆಜ್ಜೆ ಇಡಲಿಕ್ಕೆ ಜಾಗ ಇರಲಿಲ್ಲ. ಹಳ್ಳಿಗಳಿಂದ ಬಂದವರು ರೊಟ್ಟಿ ಬುತ್ತಿ ಬಿಚ್ಚಿಕೊಂಡು ಮರದ ಕೆಳಗೆ ಕೂತಿದ್ದರು. ಊರೇ ದೊಡ್ಡದಾದ ಹಾಗೆ ಅನಿಸಿತ್ತು. ಒಂದು ತಿಂಗಳು ಕಳೆಯಿತಷ್ಟೆ. ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು ನಮ್ಮೂರಿಂದಲೇ. ಆಮೇಲೆ ಬೀದಿ ಖಾಲಿ. ಗೋದಾಮಿನಲ್ಲಿ ಕಂಬಗಳ ಮೇಲೆ ಧೂಳು ಕೂತಿತು. ಪರದೆ ಬಟ್ಟೆಯನ್ನು ಇಲಿ ಕಡಿದವು. ದುಡ್ಡಿನ ಚಿಂತೆ ಒಂದು ಕಡೆ ಇರಲಿ, ಸಂಜೆಯಾದರೆ ಎಲ್ಲೂ ಒಂದು ಮೈಕಿನ ಸದ್ದಿಲ್ಲ ಅನ್ನುವುದೇ ಎದೆಗೆ ಭಾರವಾಗುತ್ತಿತ್ತು. ಎಲ್ಲ ತೆರೆದ ಮೇಲೆ ಬಾಡಿಗೆಯ ಕಾರ್ಯಕ್ರಮಕ್ಕೆ ಕಾಯದೆ ನಾವೇ ಒಂದು ಮಾಡೋಣ ಅಂತ ನಾಲ್ಕು ಜನ ಗೆಳೆಯರು ಸೇರಿದೆವು.

ತತ್ವಪದ ಯಾಕೆ ಅಂದರೆ, ಅದು ಈ ನೆಲದ್ದು. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನವರ ಊರು ಈಗಿನ ಯಡ್ರಾಮಿ ತಾಲ್ಲೂಕಿನಲ್ಲಿದೆ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಹಾಡುವವರು ಇವತ್ತಿಗೂ ಹಳ್ಳಿ ಹಳ್ಳಿಯಲ್ಲಿದ್ದಾರೆ. ಒಂದೇ ತಂತಿಯ ಏಕತಾರಿ, ಕೈಯಲ್ಲಿ ಹಿಡಿದು ಬಡಿಯುವ ಒಂದು ದಮ್ಮಡಿ, ತಾಳ. ಇಷ್ಟಾದರೆ ಸಾಕು.

ಮೊದಲನೇ ಸಲ ನಾವು ಮಾಡಿದ್ದೆಲ್ಲ ತಪ್ಪು. ನಗರದ ಒಂದು ಸಭಾಂಗಣ ಹಿಡಿದೆವು. ಕಾರ್ಡ್ ಅಚ್ಚು ಹಾಕಿಸಿದೆವು. 500 ಜನ ಕೂರುವ ಜಾಗಕ್ಕೆ 38 ಜನ ಬಂದರು. ಅವರೂ ದೂರ ದೂರ ಕೂತರು. ಜೇವರ್ಗಿ ಕಡೆಯಿಂದ ಬಂದ ಹಿರಿಯ ಗಾಯಕರು ಕಣ್ಣು ಮುಚ್ಚಿ ಹಾಡಿದರು. ಅಷ್ಟು ಚೆನ್ನಾಗಿ ಹಾಡುವುದನ್ನು ನಾನು ಕೇಳಿದ್ದೇ ಕಡಿಮೆ. ಆದರೂ ಮಧ್ಯದಲ್ಲಿ ಒಬ್ಬೊಬ್ಬರೇ ಎದ್ದು ಹೋದರು. ಖಾಲಿ ಕುರ್ಚಿಗಳ ನಡುವೆ ಕೂತವನಿಗೆ ತಾನು ತಪ್ಪು ಜಾಗಕ್ಕೆ ಬಂದೆನೇನೋ ಅನಿಸುತ್ತದೆ. ಹಾಡು ಎಷ್ಟು ಚೆನ್ನಾಗಿದ್ದರೂ ಆ ಅನುಮಾನ ಹೋಗುವುದಿಲ್ಲ. ಅವತ್ತು ರಾತ್ರಿ ಗಾಯಕರನ್ನು ಬಸ್ಸಿಗೆ ಬಿಡುವಾಗ ನನಗೆ ಮುಖ ಎತ್ತಿ ಮಾತಾಡಲಿಕ್ಕೆ ಆಗಲಿಲ್ಲ.

ಆಮೇಲೆ ಬಹಳ ದಿನ ಅದನ್ನೇ ಯೋಚಿಸಿದೆ. ನಮ್ಮೂರಿನವರು ಮನೆ ಬಿಟ್ಟು ಬರುವುದಿಲ್ಲ ಅಂತ ಹೇಗೆ ಹೇಳುವುದು? ಶರಣಬಸವೇಶ್ವರರ ಜಾತ್ರೆ ನೋಡಿ. ಹೋಳಿಯಾದ ಕೆಲವೇ ದಿನಕ್ಕೆ ತೇರು. ತೇರು ಸಾಗುವುದು ಸ್ವಲ್ಪ ಹೊತ್ತು. ಆದರೆ ಮಧ್ಯಾಹ್ನದ ಬಿಸಿಲಲ್ಲೇ ಜನ ಬಂದು ಜಾಗ ಹಿಡಿಯುತ್ತಾರೆ. ಉತ್ತತ್ತಿ, ಬಾಳೆಹಣ್ಣು ಕೈಯಲ್ಲಿ ಹಿಡಿದು ಕಾಯುತ್ತಾರೆ. ತೇರು ನಿಂತ ಮೇಲೂ ಹೋಗುವುದಿಲ್ಲ, ಬಳೆ ಅಂಗಡಿ, ತೊಟ್ಟಿಲು, ಬೆಂಡು ಬತ್ತಾಸು ಅಂತ ರಾತ್ರಿವರೆಗೆ ಅಡ್ಡಾಡುತ್ತಾರೆ. ಖ್ವಾಜಾ ಬಂದೇನವಾಜರ ಉರುಸಿನಲ್ಲಿ ಗಂಧದ ಮೆರವಣಿಗೆ ಪಬ್ಲಿಕ್ ಗಾರ್ಡನ್ನಿನಿಂದ ದರ್ಗಾಕ್ಕೆ ಹೊರಡುತ್ತದೆ. ದಾರಿಯುದ್ದಕ್ಕೂ ಮಾಳಿಗೆ ಮೇಲೆ, ಅಂಗಡಿ ಕಟ್ಟೆಯ ಮೇಲೆ ಜನ. ಎರಡರಲ್ಲೂ ಬಾಗಿಲು ಅನ್ನುವುದೇ ಇಲ್ಲ, ಅಲ್ವಾ? ಯಾವ ಓಣಿಯಿಂದ ಬೇಕಾದರೂ ಬರಬಹುದು, ಯಾವ ಓಣಿಯಿಂದ ಬೇಕಾದರೂ ಹೋಗಬಹುದು. ಸಭಾಂಗಣಕ್ಕೆ ಬಾಗಿಲು ಇತ್ತು. ಬಾಗಿಲಲ್ಲಿ ನಾನೇ ಇಬ್ಬರು ಹುಡುಗರನ್ನು ಗುಲಾಬಿ ಕೊಡಲಿಕ್ಕೆ ನಿಲ್ಲಿಸಿದ್ದೆ. ಕೆಲಸದ ಬಟ್ಟೆಯಲ್ಲಿ ಬಂದವನು ಅದನ್ನು ನೋಡಿ ಒಳಗೆ ಬರುತ್ತಾನಾ?

ನನ್ನ ಅಕ್ಕನ ಮಗ ಆರ್ಕಿಟೆಕ್ಚರ್ ಓದುತ್ತಿದ್ದ. ಅವನು ಒಂದು ಸಂಗತಿ ಹೇಳಿದ. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬುವರು ಊರಿನ ಬಯಲು ಜಾಗಗಳ ಎದುರು ಕ್ಯಾಮರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ವರ್ಷಗಟ್ಟಲೆ ಲೆಕ್ಕ ಹಾಕಿದರಂತೆ. ಜನರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಬೇರೆ ಜನರೇ ಅಂತ ಕಂಡುಕೊಂಡರು. ಕೂರಲಿಕ್ಕೆ ಜಾಗ ಇರಬೇಕು, ತಿನ್ನಲಿಕ್ಕೆ ಏನಾದರೂ ಸಿಗಬೇಕು, ಬೀದಿಯಿಂದ ಒಳಗೆ ಕಾಣಬೇಕು. ಕೇಳಿ ನನಗೆ ಖುಷಿಯಾಯಿತು. ಮಿಕ್ಸರ್ ಪಕ್ಕ ಕೂತು ನಾನು ನೋಡಿದ್ದೂ ಅದನ್ನೇ.

ಎರಡನೇ ಸಲ ಬಡಾವಣೆಯ ಮೂರು ರಸ್ತೆ ಕೂಡುವ ಮೂಲೆ ಹಿಡಿದೆವು. ಅಲ್ಲಿ ಒಂದು ಬೇವಿನ ಮರ, ಚಹಾದ ಅಂಗಡಿ, ಹಳೆಯ ಕಲ್ಲಿನ ಕಟ್ಟೆ. ಪೊಲೀಸರ ಅನುಮತಿ ತೆಗೆದುಕೊಂಡೆವು. ಮೂರರಲ್ಲಿ ಎರಡು ರಸ್ತೆ ಓಡಾಟಕ್ಕೆ ಬಿಟ್ಟೆವು. ಗೋದಾಮಿನಲ್ಲಿ ಸಾವಿರ ಕುರ್ಚಿ ಇದ್ದರೂ 60 ಮಾತ್ರ ಹಾಕಿದೆ. ಇನ್ನೊಂದು 100 ಕುರ್ಚಿ ಟೆಂಪೋದಲ್ಲೇ ಇದ್ದವು. ಮುಂದೆ ಎರಡು ಜಮಖಾನ ಹಾಸಿದೆವು, ಮಕ್ಕಳು ಮತ್ತು ಮುದುಕರು ಅಲ್ಲಿ ಕೂರಲಿ ಅಂತ. 60 ಕುರ್ಚಿ ಬೇಗ ತುಂಬುತ್ತವೆ. ಆಮೇಲೆ ಹುಡುಗರು ಟೆಂಪೋದಿಂದ ನಾಲ್ಕು ನಾಲ್ಕು ಕುರ್ಚಿ ತಲೆ ಮೇಲೆ ಹೊತ್ತು ತರುತ್ತಾರೆ. ಅದನ್ನು ನೋಡಿದ ದಾರಿಹೋಕ ನಿಲ್ಲುತ್ತಾನೆ. ಕುರ್ಚಿ ಸಾಲದೆ ತರುತ್ತಿದ್ದಾರೆ ಅಂದರೆ ಇಲ್ಲಿ ಏನೋ ಇದೆ ಅಂತ ಅವನಿಗೆ ಅನಿಸುತ್ತದೆ.

ಹೊತ್ತಿನ ವಿಷಯ ಹೇಳಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಮುಗಿಯುತ್ತವೆ. ಊರು ಉಸಿರಾಡುವುದು ದೀಪ ಹಚ್ಚಿದ ಮೇಲೆ. ಅದಕ್ಕೆ ನಾವು ಏಳೂವರೆಗೆ ಶುರು ಮಾಡುತ್ತೇವೆ. ಏಳು ಗಂಟೆಗೆ ನೆಲಕ್ಕೆ ನೀರು ಹೊಡೆಯುತ್ತೇವೆ. ಕಾದ ಮಣ್ಣಿಗೆ ನೀರು ಬಿದ್ದ ವಾಸನೆಗೇ ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಚ್ಚುವಂತಿಲ್ಲ ಅಂತ ಕಾನೂನಿದೆ. ನಾವು ಒಂಬತ್ತೂವರೆಗೇ ಮುಗಿಸುತ್ತೇವೆ.

ಇನ್ನು ಸದ್ದು. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಎಲ್ಲರೂ ಮಾಡುವ ತಪ್ಪು ಅಂದರೆ ಕಂಬಕ್ಕೆ ಹಾರ್ನ್ ಕಟ್ಟಿ ಇಡೀ ಬಡಾವಣೆಗೆ ಕೇಳಿಸುವುದು. ಹಾಡು ಮನೆಯೊಳಗೇ ಕೇಳಿದರೆ ಎದ್ದು ಬರುವವರು ಯಾರು? ಕಿವಿಗೆ ಕಿರಿಕಿರಿಯಾಗಿ ಕಿಟಕಿ ಮುಚ್ಚುತ್ತಾರೆ ಅಷ್ಟೆ. ಮುಂದೆ ಎರಡು ದೊಡ್ಡ ಬಾಕ್ಸ್ ಇಡುವುದೂ ಸರಿಹೋಗುವುದಿಲ್ಲ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಿಂದಿನವರಿಗೆ ಕೇಳಲಿ ಅಂತ ಏರಿಸಿದರೆ ಮುಂದೆ ಕೂತ ಮಗು ಅಳುತ್ತದೆ. ನಾನು ನಾಲ್ಕು ಸಣ್ಣ ಬಾಕ್ಸ್ ತೆಗೆದುಕೊಂಡೆ. ಎರಡು ಮುಂದೆ, ಎರಡು ನಡುವೆ, ಎಲ್ಲವನ್ನೂ ಮಂದಿಯ ಕಡೆಗೇ ತಿರುಗಿಸಿ ಇಟ್ಟೆ. ಹಾಡು ರಸ್ತೆಯ ತಿರುವಿನವರೆಗೆ ಕೇಳಬೇಕು, ಅದರಾಚೆ ಬರೀ ದಮ್ಮಡಿಯ ಪೆಟ್ಟು ಕೇಳಬೇಕು. ಆ ಪೆಟ್ಟು ಕೇಳಿದವನು ಏನದು ಅಂತ ನೋಡಲು ತಿರುವಿಗೆ ಬರುತ್ತಾನೆ. ಏಕತಾರಿಯ ನಾದ ತೆಳು, ದಮ್ಮಡಿ ಅದನ್ನು ನುಂಗಿಬಿಡುತ್ತದೆ. ಅದಕ್ಕೆ ಬೇರೆ ಮೈಕ್ ಕೊಟ್ಟು, ಬುರುಡೆಯ ಹತ್ತಿರ ಒಂದು ಗೇಣು ದೂರದಲ್ಲಿ ಇಡುತ್ತೇನೆ. ದಮ್ಮಡಿಗೆ ಮೈಕೇ ಬೇಡ.

ದೀಪವೂ ಹಾಗೇ. ಮೊದಲು ಹಾಡುವವರ ಮುಖಕ್ಕೆ ಹ್ಯಾಲೊಜನ್ ಹಾಕಿ ಮಂದಿಯನ್ನು ಕತ್ತಲಲ್ಲಿ ಕೂರಿಸುತ್ತಿದ್ದೆ. ಈಗ ಹಳದಿ ಬಲ್ಬಿನ ಸರವನ್ನು ಬೇವಿನ ಮರದಿಂದ ಕಂಬಕ್ಕೆ, ಮಂದಿಯ ತಲೆಯ ಮೇಲೆ ಕಟ್ಟುತ್ತೇನೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ವೇದಿಕೆ ಒಂದೇ ಅಡಿ ಎತ್ತರ.

ಒಂದು ಸಂಜೆ ನೋಡಿದ್ದು ನನಗೆ ಮರೆಯುವುದಿಲ್ಲ. ಗೌಂಡಿ ಕೆಲಸದವನೊಬ್ಬ ಬೈಕಿನಲ್ಲಿ ಬಂದ. ತೋಳಿಗೆಲ್ಲ ಸಿಮೆಂಟು ಅಂಟಿತ್ತು, ಹ್ಯಾಂಡಲಿಗೆ ಬುತ್ತಿ ಡಬ್ಬಿ ತೂಗುತ್ತಿತ್ತು. ಒಂದು ಕಾಲು ನೆಲಕ್ಕೂರಿ ನಿಂತ. ಎಂಜಿನ್ ನಡೆದೇ ಇತ್ತು. ಪಕ್ಕದವನನ್ನು 'ಏನ್ ನಡದದರಿ ಇಲ್ಲಿ' ಅಂತ ಕೇಳಿದ. ಒಂದು ಪದ ಮುಗಿಯಿತು. ಎಂಜಿನ್ ಬಂದ್ ಮಾಡಿದ. ಇನ್ನೊಂದು ಪದ ಆದ ಮೇಲೆ ಸ್ಟ್ಯಾಂಡ್ ಹಾಕಿದ. ನಮ್ಮ ಹುಡುಗ ಕುರ್ಚಿ ತೋರಿಸಿ 'ಕುಂಡ್ರಿ' ಅಂದ. 'ಇಲ್ಲೇ ಇರ್ತೀನ್ರಿ' ಅಂದ ಅವನು. ಕೊನೆಗೆ ಬೈಕಿನ ಮೇಲೆ ಅಡ್ಡ ಕೂತು, ಡಬ್ಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ಅವನು ಕುರ್ಚಿಗೆ ಬರಲೇ ಇಲ್ಲ. ಮುಂದಿನ ತಿಂಗಳು ಹೆಂಡತಿ ಮತ್ತು ಎರಡು ಮಕ್ಕಳನ್ನು ಕರೆದುಕೊಂಡು ಬಂದು ಜಮಖಾನದ ಮೇಲೆ ಕೂತ.

ಅವನನ್ನು ನೋಡಿದ ಮೇಲೆ ನಾನು ಕುರ್ಚಿಗಳ ಹಿಂದೆ ಹತ್ತು ಹದಿನೈದು ಅಡಿ ಖಾಲಿ ಬಿಡುತ್ತೇನೆ. ಅದು ಗಾಡಿ ನಿಲ್ಲಿಸಿ ನೋಡುವವರ ಜಾಗ. ಅಲ್ಲಿ ನಿಂತವರನ್ನು ಯಾರೂ ಒಳಗೆ ಕರೆಯಬಾರದು ಅಂತ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಕರೆದರೆ ಸಂಕೋಚಪಟ್ಟು ಹೊರಟುಬಿಡುತ್ತಾರೆ.

ಮಿರ್ಚಿ ಭಜಿ ಗಾಡಿಯವರನ್ನು ಶುರುವಿನಲ್ಲಿ ನಾನೇ ದೂರ ಕಳಿಸಿದ್ದೆ. ಎಣ್ಣೆ ವಾಸನೆ, ಗಲಾಟೆ ಅಂತ. ಅದು ತಪ್ಪು. ಭಜಿ ಕೊಳ್ಳಲು ನಿಂತವನಿಗೆ ಅಲ್ಲಿ ನಿಲ್ಲಲಿಕ್ಕೆ ಒಂದು ನೆಪ ಸಿಗುತ್ತದೆ. ಈಗ ಒಂದು ಭಜಿ ಗಾಡಿ, ಒಂದು ಸುಸಲಾ (ಮಂಡಕ್ಕಿ ಒಗ್ಗರಣೆ) ಗಾಡಿ, ಚಹಾ ಅಂಗಡಿ. ಬಾಡಿಗೆ ಕೇಳುವುದಿಲ್ಲ, ಕಸದ ಡಬ್ಬಿ ಅವರೇ ಇಟ್ಟುಕೊಳ್ಳಬೇಕು.

ಹೆಣ್ಣುಮಕ್ಕಳು ಬರಲಿಕ್ಕೆ ಎಲ್ಲಕ್ಕಿಂತ ಹೆಚ್ಚು ತಿಂಗಳು ಹಿಡಿಯಿತು. ನ್ಯೂಯಾರ್ಕಿನಲ್ಲೂ ಒಳ್ಳೆಯ ಜಾಗದ ಗುರುತು ಅಲ್ಲಿ ಕೂತ ಹೆಂಗಸರ ಸಂಖ್ಯೆ ಅಂತ ವೈಟ್ ಗಮನಿಸಿದ್ದರಂತೆ. ನಮ್ಮಲ್ಲಿ ಹಾಡುವವರಲ್ಲೂ ಗಂಡಸರೇ, ಕೇಳುವವರಲ್ಲೂ ಗಂಡಸರೇ ಇದ್ದರು. ನನ್ನ ಹೆಂಡತಿಯನ್ನು ಕೇಳಿದೆ. ಅವಳು ನೇರವಾಗಿ ಹೇಳಿದಳು: ಮನೆಯಿಂದ ಮೂಲೆಯವರೆಗೆ ಎರಡು ಬೀದಿದೀಪ ಉರಿಯುವುದಿಲ್ಲ, ಭಜಿ ಗಾಡಿಯ ಹತ್ತಿರ ನಿಂತ ಗಂಡಸರ ಗುಂಪು ದಾಟಿಯೇ ಕುರ್ಚಿಗೆ ಬರಬೇಕು, ಶೌಚಾಲಯ ಇಲ್ಲ. ಭಜಿ ಗಾಡಿಯನ್ನು ಆಚೆ ಬದಿಗೆ ಸರಿಸಿದೆವು. ಕತ್ತಲಿದ್ದ ಕಡೆ ನಮ್ಮದೇ ಎರಡು ಟ್ಯೂಬ್‌ಲೈಟ್ ಕಟ್ಟಿದೆವು. ಮೂಲೆಮನೆಯ ಅಜ್ಜಿಯೊಬ್ಬರು ತಮ್ಮ ಹಿತ್ತಲ ಬಾಗಿಲು ತೆರೆದಿಡಲು ಒಪ್ಪಿದರು. ಭಜನೆ ಸಂಘದ ಹೆಣ್ಣುಮಕ್ಕಳನ್ನೇ ಒಂದು ತಿಂಗಳು ಹಾಡಲಿಕ್ಕೆ ಕರೆದೆವು. ಅವತ್ತು ಮೊದಲ ಸಲ 160 ಕುರ್ಚಿಯೂ ಸಾಲಲಿಲ್ಲ.

ಖರ್ಚು ದೊಡ್ಡದಲ್ಲ. ಸಾಮಾನು ನನ್ನದು. ಹಾಡುವವರ ಗೌರವಧನ, ಊಟ, ಬಸ್ಸಿನ ಖರ್ಚು ನಾಲ್ಕೂ ಜನ ಹಂಚಿಕೊಳ್ಳುತ್ತೇವೆ. ಬ್ಯಾನರಿನಲ್ಲಿ ಹೆಸರು ಹಾಕಿದರೆ ದುಡ್ಡು ಕೊಡುತ್ತೇವೆ ಅಂತ ಕೆಲವರು ಬಂದರು. ಒಬ್ಬರಿಗೆ ಒಪ್ಪಿ ಒಮ್ಮೆ ಪೆಟ್ಟು ತಿಂದೆವು. ಅವರ ಕಡೆಯ ಅತಿಥಿ ಒಂದೂವರೆ ತಾಸು ತಡವಾಗಿ ಬಂದರು, ಭಾಷಣ ಮುಗಿಯುವಷ್ಟರಲ್ಲಿ ಜಮಖಾನದ ಮೇಲಿನ ಮಕ್ಕಳೆಲ್ಲ ನಿದ್ದೆ ಹೋಗಿದ್ದರು. ಆಮೇಲೆ ಬ್ಯಾನರೇ ಬಿಟ್ಟೆವು.

ಅಕ್ಕನ ಮಗ ಈಗ ಪುಣೆಯಲ್ಲಿದ್ದಾನೆ. ಸಂಬಳ ಅಲ್ಲಿ ಚೆನ್ನಾಗಿದೆ, ಸರಿ. ಆದರೆ ಹೋಗುವಾಗ ಅವನು 'ಮಾಮಾ, ಇಲ್ಲಿ ಸಂಜಿ ಆದ್ರ ಎಲ್ಲಿ ಹೋಗ್ಬೇಕು' ಅಂದಿದ್ದ. ಆ ಮಾತು ನನಗೆ ನಾಟಿತು. ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರು ಹೊಟ್ಟೆಪಾಡಿಗೆ ಹೋಗುತ್ತಾರೆ, ಅದನ್ನು ನಮ್ಮ ಹಾಡು ತಡೆಯಲಾರದು. ಆದರೆ ಇಲ್ಲೇ ಉಳಿದವರಿಗೆ, ರಜೆಗೆ ಬಂದವರಿಗೆ ಸಂಜೆ ಹೋಗಲಿಕ್ಕೆ ಒಂದು ಮೂಲೆ ಬೇಕಲ್ಲ. ಕಳೆದ ದೀಪಾವಳಿಗೆ ಬಂದಾಗ ಅವನು ಎರಡು ದಿನ ಹೆಚ್ಚು ಉಳಿದ, ಕಾರ್ಯಕ್ರಮ ನೋಡಿಯೇ ಹೋಗುತ್ತೇನೆ ಅಂತ. ಅವತ್ತು ಕುರ್ಚಿ ಹೊತ್ತವರಲ್ಲಿ ಅವನೂ ಇದ್ದ.

ಮುಗಿದ ಮೇಲಿನ ಅರ್ಧ ತಾಸು ನನಗೆ ಬಹಳ ಇಷ್ಟ. ಮೊದಲೆಲ್ಲ ಹಾಡು ನಿಂತ ಕೂಡಲೇ ಹುಡುಗರು ಕುರ್ಚಿ ಮಡಚಿ ಟೆಂಪೋಕ್ಕೆ ಎಸೆಯುತ್ತಿದ್ದರು. ಆ ಸದ್ದಿಗೆ ಮಂದಿ ಚದುರುತ್ತಿದ್ದರು. ಈಗ ಮೈಕ್ ಬಂದ್ ಮಾಡುತ್ತೇವೆ, ಬಲ್ಬಿನ ಸರ ಉರಿಯಲು ಬಿಡುತ್ತೇವೆ. ಜನ ರಸ್ತೆಯ ನಡುವೆಯೇ ನಿಂತು ಮಾತಾಡುತ್ತಾರೆ. ಮಕ್ಕಳು ಒಂದಡಿ ವೇದಿಕೆ ಹತ್ತಿ ಜಿಗಿಯುತ್ತಾರೆ. ಹಾಡಿದವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ, ಪಕ್ಕ ಕೂತ ಹುಡುಗನಿಗೆ ಏಕತಾರಿಯ ತಂತಿ ಬಿಗಿಯುವುದು ಹೇಗೆ ಅಂತ ತೋರಿಸುತ್ತಿರುತ್ತಾರೆ. ಹೋದ ತಿಂಗಳು ಆ ಹುಡುಗ ಏಳಲೇ ಇಲ್ಲ. ಅವನ ತಾಯಿ ಎರಡು ಸಲ ಕರೆದು, ಮೂರನೇ ಸಲಕ್ಕೆ ತಾನೂ ಬಂದು ಕಟ್ಟೆಯ ಮೇಲೆ ಕೂತಳು. ಹತ್ತು ಗಂಟೆಯಾದ ಮೇಲೆ ನಾವು ಕೊನೆಯ ಕುರ್ಚಿ ಎತ್ತಿದೆವು.