ಮರಿ ಕುದುರೆಗೆ ಸವಾರಿಗಿಂತ ಮೊದಲು ಹಗ್ಗದ ಪಾಠ

ಎರಡು ವರ್ಷದ ಕುದುರೆ ತಂದು ಯಾವಾಗ ಹತ್ತಬಹುದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಆತುರ ಬೇಡ. ಬೆನ್ನುಮೂಳೆ ಪೂರ್ತಿ ಬಲಿಯೋಕೆ ಸುಮಾರು 5-6 ವರ್ಷ ಬೇಕು. ಸದ್ಯಕ್ಕೆ ನೆಲದ ಮೇಲೆ ನಿಂತೇ ಕಲಿಸೋದು ಬೇಕಾದಷ್ಟಿದೆ.

ಒಂದು ಹಾಲ್ಟರ್ (ಕುದುರೆಯ ತಲೆಗೆ ಹಾಕುವ ಪಟ್ಟಿ), 12 ಅಡಿ ಹತ್ತಿ ಹಗ್ಗ ಸಾಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಬೆದರಿ ಓಡಿದರೆ ಬೆರಳು ಹೋಗುತ್ತದೆ. ಮಡಿಸಿ ಹಿಡಿಯಿರಿ. ಕುದುರೆಯ ಭುಜದ ಪಕ್ಕ ನಿಂತು ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ, ಜಗ್ಗಬೇಡಿ, ಸುಮ್ನೆ ಹಾಗೇ ಹಿಡಿದಿರಿ, ಅದು ಒಂದು ಹೆಜ್ಜೆ ಇಟ್ಟ ತಕ್ಷಣ, ಮೈಭಾರ ಮುಂದಕ್ಕೆ ವಾಲಿದರೂ ಸರಿ, ಪೂರ್ತಿ ಸಡಿಲ ಬಿಡಿ. ಅದು ಕಲಿಯೋದು ಆ ಬಿಟ್ಟ ಕ್ಷಣದಲ್ಲೇ. ತಡವಾಗಿ ಬಿಟ್ಟರೆ ಏನಕ್ಕೆ ಬಿಟ್ಟರು ಅಂತ ಅದಕ್ಕೆ ತಿಳಿಯೋದಿಲ್ಲ. ಹಿಂದೆ ಸರಿಸೋಕೂ ಇದೇ ಲೆಕ್ಕ: ಎದೆಗೆ ಬೆರಳಿಟ್ಟು ಒತ್ತಿ, ಸರಿದ ಕೂಡಲೇ ಕೈ ತೆಗೆಯಿರಿ.

ಎಡಗಡೆ ಕಲಿತದ್ದನ್ನು ಬಲಗಡೆಯೂ ಮಾಡಿಸಿ. ಎಷ್ಟೋ ಜನ ಬಲಗಡೆ ಬಿಟ್ಟೇಬಿಡುತ್ತಾರೆ.

ಒಂದು ಸಲದ ಪಾಠವನ್ನು 10-15 ನಿಮಿಷಕ್ಕಿಂತ ಜಾಸ್ತಿ ಲಂಬಿಸಬೇಡಿ. ಸುಸ್ತು ಮಾಡಿದರೆ ಬಗ್ಗುತ್ತೆ ಅಂತ ಉದ್ದ ಹಗ್ಗ ಕಟ್ಟಿ ಗಂಟೆಗಟ್ಟಲೆ ಸುತ್ತು ಓಡಿಸೋರಿದ್ದಾರಲ್ವಾ, ನನಗಂತೂ ನೋಡೋಕಾಗಲ್ಲ, ಎಳೆ ಕೀಲುಗಳಿಗೆ ಅದು ಕೆಟ್ಟದ್ದು. ಕೈಯಿಂದ ಬೆಲ್ಲ ತಿನ್ನಿಸೋದೂ ಕಡಿಮೆ ಮಾಡಿ, ಕಚ್ಚೋ ಚಟ ಬರುತ್ತದೆ. ಕತ್ತಿನ ಬುಡದಲ್ಲಿ ಕೆರೆದರೆ ಅದಕ್ಕೂ ಖುಷಿ.