ಒಂದೇ ಲೂಪನ್ನು ಎರಡು ಸಲ ಶೆಡ್ಯೂಲ್ ಮಾಡಿ ಸ್ಪಿಲ್ ಕಳೆದಿದ್ದು

"ಅದೆಲ್ಲಾ ಗ್ರೀಡಿ ನೋಡ್ಕೊಳ್ಳುತ್ತೆ ಕಣೋ. ಶೆಡ್ಯೂಲರ್ ಎರಡೆರಡು ಸಲ ಓಡಿಸಿದ್ರೆ ಕಂಪೈಲ್ ಟೈಮ್ ಏನಾಗ್ಬೇಕು?" ರಿಜಿಸ್ಟರ್ ಸಾಲದೆ ವ್ಯಾಲ್ಯೂ ಮೆಮೊರಿಗೆ ಹೋಗುವುದನ್ನು (ಸ್ಪಿಲ್) ತಪ್ಪಿಸಲು, ಕಂಪೈಲರಿನಲ್ಲಿ ಇನ್‌ಸ್ಟ್ರಕ್ಷನ್‌ಗಳ ಕ್ರಮ ಜೋಡಿಸುವ ಶೆಡ್ಯೂಲರನ್ನು ಒಂದೇ ಲೂಪಿಗೆ ಎರಡು ಸಲ ಓಡಿಸೋಣ ಅಂದಾಗ ಹಳೆಯ ಸಹೋದ್ಯೋಗಿಯೊಬ್ಬ ಕೊಟ್ಟ ಉತ್ತರ ಇದು. ಗ್ರೀಡಿ ಅಂದರೆ ವ್ಯಾಲ್ಯೂಗಳಿಗೆ ರಿಜಿಸ್ಟರ್ ಹಂಚುವ ಕಂಪೈಲರಿನ ಅಲೊಕೇಟರ್. ಉಳಿದವರು ಇಷ್ಟನ್ನೂ ಹೇಳಲಿಲ್ಲ, ಸುಮ್ನೆ ನಕ್ಕರು. ಈಗ ಪ್ಯಾಚ್ ಕ್ಲೈಂಟ್ ಬ್ರಾಂಚಿಗೆ ಸೇರಿ ಕೆಲವು ತಿಂಗಳಾಯಿತು. ಕೊನೆಯ ಕಂತಿನ ದುಡ್ಡೂ ಬಂತು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೆಲಸ ಇದು: ಎಲ್‌ಎಲ್‌ವಿಎಂ ಕಂಪೈಲರಿನ ಬ್ಯಾಕೆಂಡ್ (ಮೆಷಿನ್ ಕೋಡ್ ಹೊರಡಿಸುವ ಭಾಗ), ರಿಸ್ಕ್-ವಿ ಪ್ರೊಸೆಸರಿನ ವೆಕ್ಟರ್ 1.0 (ಒಂದೇ ಸಲ ಹಲವು ಅಂಕಿಗಳ ಮೇಲೆ ಕೆಲಸ ಮಾಡುವ ಇನ್‌ಸ್ಟ್ರಕ್ಷನ್‌ಗಳು), ಇನ್-ಆರ್ಡರ್ ಕೋರ್ (ಇನ್‌ಸ್ಟ್ರಕ್ಷನ್‌ಗಳನ್ನು ಬರೆದ ಕ್ರಮದಲ್ಲೇ ಓಡಿಸುವಂಥದ್ದು). ಆಡಿಯೋ ಮತ್ತು ಇಮೇಜ್ ಕರ್ನಲ್‌ಗಳು (ಮತ್ತೆ ಮತ್ತೆ ಓಡುವ ಸಣ್ಣ ಲೆಕ್ಕದ ತುಣುಕುಗಳು). ನಮ್ಮದು ಬೆಂಗಳೂರಿನ ಮೂರು ಜನರ ಸಣ್ಣ ಟೀಮ್. ಒಪ್ಪಂದದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಣ ಪರ್ಫಾರ್ಮೆನ್ಸ್ ಟಾರ್ಗೆಟ್‌ಗೆ ಕಟ್ಟಿತ್ತು. ವೇಗ ಆರು ಪರ್ಸೆಂಟಿಗಿಂತ ಜಾಸ್ತಿ ಏರಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಕ್ಲೈಂಟಿನ ಚಿಪ್ಪನ್ನು ಅನುಕರಿಸುವ ಎಫ್‌ಪಿಜಿಎ ಬೋರ್ಡ್ ಸಿಗುತ್ತಿದ್ದದ್ದು ರಾತ್ರಿ ಹೊತ್ತು ಮಾತ್ರ. ಹಗಲಿಗೆ ಇರಲಿ ಅಂತ ಕೈಯಿಂದಲೇ ಎಂಟೊಂಬತ್ತು ಸಾವಿರ ಹಾಕಿ ಒಂದು ಬನಾನಾ ಪೈ ಎಫ್3 ಬೋರ್ಡ್ ತರಿಸಿಕೊಂಡೆವು. ಅದರ ಕೋರೂ ಇನ್-ಆರ್ಡರ್, ವಿಲೆನ್ (ಒಂದು ವೆಕ್ಟರ್ ರಿಜಿಸ್ಟರಿನ ಅಗಲ) 256 ಬಿಟ್. ಬಿಸಿಯಾದರೆ ಅಂಕಿ ಕುಣಿಯುತ್ತಿತ್ತು, ಎಸ್‌ಪಿ ರೋಡಿನಿಂದ ಒಂದು ಫ್ಯಾನ್ ತಂದು ಕೂರಿಸಿದ ಮೇಲೆ ನಿಂತಿತು.

ತೊಂದರೆ ಕೊಟ್ಟ ಲೂಪ್ ಒಂದು ಫಿಲ್ಟರ್. ಎಲ್‌ಮಲ್ 4, ಅಂದರೆ ನಾಲ್ಕು ರಿಜಿಸ್ಟರ್ ಸೇರಿ ಒಂದು ಗುಂಪು. 32 ವೆಕ್ಟರ್ ರಿಜಿಸ್ಟರ್ ಅಂದರೆ ಎಂಟು ಗುಂಪು. ವಿ0 ರಿಜಿಸ್ಟರಿನಲ್ಲಿ ಮಾಸ್ಕ್ (ಯಾವ ಅಂಶಗಳ ಮೇಲೆ ಕೆಲಸ ಆಗಬೇಕು ಅನ್ನುವ ಗುರುತು) ಕೂತಿದ್ದರಿಂದ ಕೈಗೆ ಸಿಗುವುದು ಏಳು. ಎರಡು ಅಕ್ಯುಮ್ಯುಲೇಟರ್ (ಮೊತ್ತ ಕೂಡುತ್ತಾ ಹೋಗುವವು), ಐದು ಲೋಡ್ (ಮೆಮೊರಿಯಿಂದ ತಂದವು). ಜೊತೆಗೆ ಎಲ್‌ಮಲ್ 1ರ ಎರಡು ವ್ಯಾಲ್ಯೂ. ಲೆಕ್ಕ ಹಾಕಿ: 28, ಮಾಸ್ಕ್ 1, ಇನ್ನೆರಡು, ಒಟ್ಟು 31. ಎಷ್ಟು ರಿಜಿಸ್ಟರ್ ಬೇಕು ಅಂತ ಎಣಿಸುವ ಪ್ರೆಶರ್ ಟ್ರ್ಯಾಕರ್‌ಗೆ ಇದು ಆರಾಮ. ಮಿತಿ ದಾಟಿಲ್ಲವಲ್ಲ ಅಂತ ಶೆಡ್ಯೂಲರ್ ಐದೂ ಲೋಡ್‌ಗಳನ್ನು ಲೂಪಿನ ತಲೆಗೆ ಎಳೆದು ಕೂರಿಸುತ್ತದೆ. ಲೇಟೆನ್ಸಿ (ಫಲಿತಾಂಶಕ್ಕೆ ಕಾಯುವ ಹೊತ್ತು) ಮುಚ್ಚಿತು ಅಂತ ಅದಕ್ಕೆ ಖುಷಿ.

ಆದರೆ ಎಲ್‌ಮಲ್ 4ರ ಗುಂಪು ವಿ4, ವಿ8, ವಿ12 ಹೀಗೆ ನಾಲ್ಕರ ಗಡಿಯಲ್ಲೇ ಶುರುವಾಗಬೇಕು. ಆ ಎರಡು ಚಿಕ್ಕ ವ್ಯಾಲ್ಯೂಗಳು ವಿ1, ವಿ2ರಲ್ಲಿ ಕೂತರೆ ಎಲ್ಲವೂ ಹಿಡಿಸುತ್ತದೆ. ಒಂದು ಹೋಗಿ ವಿ9ರಲ್ಲಿ ಕೂತಿತು. ಬಸ್ಸಿನಲ್ಲಿ ನಾಲ್ಕು ಸೀಟು ಖಾಲಿ ಇದ್ದೂ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ನಾಲ್ಕು ಜನರ ಸಂಸಾರ ನಿಂತೇ ಹೋಗಬೇಕಲ್ಲ, ಹಾಗಾಯಿತು. ದೊಡ್ಡ ಎಲ್‌ಮಲ್ ಕ್ಲಾಸ್‌ಗಳಿಗೆ ಅಲೊಕೇಶನ್ ಪ್ರಯಾರಿಟಿ ಜಾಸ್ತಿ ಇಟ್ಟಿದ್ದಾರೆ, ಗೊತ್ತು. ಮೊದಲ ಸುತ್ತಿಗೆ ಅದು ಸಾಕು. ಲೈವ್ ರೇಂಜ್ (ವ್ಯಾಲ್ಯೂ ಹುಟ್ಟಿ ಸಾಯುವವರೆಗಿನ ಅವಧಿ) ಸ್ಪ್ಲಿಟ್ ಆಗಿ ತುಂಡುಗಳು ಕ್ಯೂನ ಕೊನೆಗೆ ಬಂದಾಗ ಆ ಪ್ರಯಾರಿಟಿ ಕಾಪಾಡುವುದಿಲ್ಲ.

ಸ್ಪಿಲ್ ಅಂದರೆ ಇಲ್ಲಿ ಸ್ಕೇಲಾರ್ (ಒಂಟಿ ಅಂಕಿಗಳ) ಕಡೆಯ ಹಾಗೆ ಎಂಟು ಬೈಟ್ ಅಲ್ಲ. ವಿಲೆನ್ 256 ಇದ್ದರೆ ಒಂದು ಗುಂಪಿಗೆ 128 ಬೈಟ್ ಹೋಗಬೇಕು, ಮತ್ತೆ ಬರಬೇಕು. ವಿಲೆನ್ ಎಷ್ಟು ಅಂತ ಕಂಪೈಲ್ ಮಾಡುವಾಗ ಗೊತ್ತಿಲ್ಲದ್ದರಿಂದ ಸ್ಟ್ಯಾಕ್ ವಿಳಾಸಕ್ಕೂ ವಿಲೆನ್‌ಬಿ (ಬೈಟ್ ಲೆಕ್ಕದಲ್ಲಿ ವಿಲೆನ್) ಓದಿ, ಶಿಫ್ಟ್ ಮಾಡಿ, ಸ್ಟ್ಯಾಕ್ ಪಾಯಿಂಟರ್ ಆದ ಎಸ್‌ಪಿಗೆ ಕೂಡಿಸಬೇಕು. ಅದೂ ಲೂಪಿನ ಒಳಗೆ. ಒಂದೇ ಒಂದು ಸ್ಪಿಲ್, ಒಂದೇ ರೀಲೋಡ್. ಲೂಪ್ ಹೆಚ್ಚುಕಮ್ಮಿ ಕಾಲು ಭಾಗ ನಿಧಾನ. ವಿಲೆನ್ ಫಿಕ್ಸ್ ಮಾಡಿ ಕೊಟ್ಟರೆ ವಿಳಾಸದ ಲೆಕ್ಕವಾದರೂ ತಪ್ಪುತ್ತದೆ. ಕ್ಲೈಂಟ್ ಒಪ್ಪಲಿಲ್ಲ. ಅವರ ಮುಂದಿನ ಚಿಪ್ಪಿನಲ್ಲಿ ವಿಲೆನ್ ಬೇರೆಯಂತೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಂಪೈಲರ್ ಕೊಡುವ ಸ್ಟ್ಯಾಟ್ಸ್‌ನಲ್ಲಿ ಬರುವ ಒಟ್ಟು ಸ್ಪಿಲ್ ಸಂಖ್ಯೆ ನಂಬಬೇಡಿ. ನಾವು ಒಂದು ಹಂತದಲ್ಲಿ ಅದನ್ನು ಅರ್ಧಕ್ಕಿಳಿಸಿದೆವು, ಓಟ ಒಂಚೂರೂ ಬದಲಾಗಲಿಲ್ಲ. ಹೋದವೆಲ್ಲ ಲೂಪಿನ ಹೊರಗಿನವು. ರೆಜಲೊಕ್ (ರಿಜಿಸ್ಟರ್ ಅಲೊಕೇಟರ್) ಮಿಸ್ಡ್ ರಿಮಾರ್ಕ್ ಹಾಕಿದರೆ ಯಾವ ಲೂಪಿನಲ್ಲಿ ಎಷ್ಟು ಸ್ಪಿಲ್, ಎಷ್ಟು ರೀಲೋಡ್ ಅಂತ ಬಿಡಿಸಿ ಹೇಳುತ್ತದೆ. ನೋಡಬೇಕಾದ್ದು ಅದನ್ನೇ.

ಮೊದಲು ಸುಲಭದ್ದೆಲ್ಲ ಮಾಡಿ ನೋಡಿದೆವು. ಎಲ್‌ಮಲ್ 2ಕ್ಕೆ ಇಳಿಸಿದೆವು. ಹದಿನಾರು ಗುಂಪು, ಸ್ಪಿಲ್ ಸೊನ್ನೆ. ಆದರೆ ಲೂಪ್ ಎರಡರಷ್ಟು ಸಲ ಸುತ್ತುತ್ತದೆ, ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ಪ್ರೆಶರ್ ಮಿತಿಯನ್ನು 32ರಿಂದ 28ಕ್ಕೆ ಇಳಿಸಿ ನೋಡಿದೆವು. ಈ ಲೂಪ್ ಸರಿಹೋಯಿತು, ಬೇರೆ ಹತ್ತು ಲೂಪ್ ಹಾಳಾದವು. ಶೆಡ್ಯೂಲರನ್ನು ಬಾಟಮ್-ಅಪ್ (ಕೆಳಗಿಂದ ಮೇಲಕ್ಕೆ) ಮಾತ್ರ ಓಡಿಸಿದರೆ ಒಂದು ಬೆಂಚ್‌ಮಾರ್ಕ್ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡು ತಿಂಗಳ ಸಂಬಳ ಹೀಗೇ ಕರಗಿತು.

ಬೇಜಾರಾಗಿ ಒಂದು ಹುಚ್ಚು ಪ್ರಯೋಗ ಮಾಡಿದೆ. ಡಿಪೆಂಡೆನ್ಸ್ (ಯಾವುದು ಯಾವುದರ ನಂತರ ಬರಬೇಕು ಅನ್ನುವುದು) ಮುರಿಯದ ಹಾಗೆ ಇನ್‌ಸ್ಟ್ರಕ್ಷನ್‌ಗಳನ್ನು ಕಣ್ಣುಮುಚ್ಚಿ ಕಲಸಿ, ಸಾವಿರಾರು ಆರ್ಡರ್ ತಯಾರಿಸಿ, ಒಂದೊಂದನ್ನೂ ಬೋರ್ಡ್ ಮೇಲೆ ಓಡಿಸಿದೆ. ನೂರಕ್ಕೆ ಮೂರೋ ನಾಲ್ಕೋ ಆರ್ಡರ್‌ಗಳು ನಮ್ಮ ಶೆಡ್ಯೂಲರ್‌ಗಿಂತ ಚೆನ್ನಾಗಿದ್ದವು! ಮಾನ ಹೋಯಿತು ಅನ್ನಿಸಿದರೂ ದಾರಿ ಸಿಕ್ಕಿದ್ದು ಅಲ್ಲೇ. ಗೆದ್ದ ಆರ್ಡರ್‌ಗಳಲ್ಲೆಲ್ಲ ಒಂದೇ ಗುಣ: ಕೊನೆಯ ಒಂದೆರಡು ಲೋಡ್‌ಗಳು ಕೆಳಗೆ ಇಳಿದಿದ್ದವು, ಉಳಿದವು ತಲೆಯಲ್ಲೇ ಇದ್ದವು. ಪೂರ್ತಿ ಲೂಪಿಗೆ ಪ್ರೆಶರ್ ಮೋಡ್ (ರಿಜಿಸ್ಟರ್ ಉಳಿಸುವ ಬಿಗಿ ಶೆಡ್ಯೂಲ್) ಬೇಕಿರಲಿಲ್ಲ. ಒಂದು ಲೋಡ್ ಸರಿದರೆ ಸಾಕಿತ್ತು. ಹುರುಪಿನಲ್ಲಿ ಇದನ್ನೇ ಕನ್‌ಸ್ಟ್ರೇಂಟ್ ಸಾಲ್ವರ್‌ಗೂ (ಷರತ್ತುಗಳಿಗೆ ಹೊಂದುವ ಉತ್ತರ ಹುಡುಕುವ ಪ್ರೋಗ್ರಾಂ) ಕೊಟ್ಟೆವು. ಮೂವತ್ತು ಇನ್‌ಸ್ಟ್ರಕ್ಷನ್ ಒಳಗಿನ ಬ್ಲಾಕ್‌ಗಳಿಗೆ ಚೆಂದದ ಉತ್ತರ ಬಂತು. ದೊಡ್ಡವಕ್ಕೆ ರಾತ್ರಿಯೆಲ್ಲಾ ಓಡಿ, ಆ ತಿಂಗಳ ಕ್ಲೌಡ್ ಬಿಲ್ ನಲವತ್ತು ಸಾವಿರದ ಹತ್ತಿರ ಬಂತು. ಅಲ್ಲಿಗೆ ನಿಲ್ಲಿಸಿದೆವು.

ಕೊನೆಗೆ ಕೆಲಸ ಮಾಡಿದ್ದು ಹೀಗೆ. ಮೊದಲ ಸಲ ಲೇಟೆನ್ಸಿ ನೋಡಿ ಧಾರಾಳವಾಗಿ ಶೆಡ್ಯೂಲ್ ಮಾಡಿ, ಆ ಆರ್ಡರನ್ನು ಬರೆದಿಟ್ಟುಕೊಳ್ಳುವುದು. ಆಮೇಲೆ ನಿಜವಾದ ಅಲೊಕೇಟರ್ ಬೇಡ, ಒಂದು ಡಮ್ಮಿ ಸಾಕು. 32 ಬಿಟ್‌ನ ಒಂದು ಮ್ಯಾಪ್ ಹಿಡಿದು ಮೇಲಿಂದ ಕೆಳಗೆ ನಡೆಯುವುದು. ವ್ಯಾಲ್ಯೂ ಹುಟ್ಟಿದಾಗ ಅದರ ಎಲ್‌ಮಲ್‌ಗೆ ತಕ್ಕ ಗಡಿಯಲ್ಲಿ ಜಾಗ ಹುಡುಕಿ ಕೊಡುವುದು, ಸತ್ತಾಗ ಬಿಡುವುದು. ವೈಡನಿಂಗ್ (ಫಲಿತಾಂಶದ ಅಗಲ ಇಮ್ಮಡಿಯಾಗುವ) ಇನ್‌ಸ್ಟ್ರಕ್ಷನ್‌ಗಳ ಡೆಸ್ಟಿನೇಶನ್ ಅರ್ಲಿ-ಕ್ಲಾಬರ್ (ಸೋರ್ಸ್ ಓದಿ ಮುಗಿಯುವ ಮುಂಚೆಯೇ ಬರೆಯಬಹುದಾದ್ದು) ಆದರೆ ಸೋರ್ಸ್ ಸಾಯುವ ಮುಂಚೆಯೇ ಅದಕ್ಕೆ ಬೇರೆ ಜಾಗ ಕೊಡಬೇಕು. ಇದನ್ನು ಬಿಟ್ಟರೆ ಡಮ್ಮಿಯ ಮಾತು ಸುಳ್ಳಾಗುತ್ತದೆ. ಜಾಗ ಸಿಗದ ಕಡೆ ಒಂದು ಗುರುತು. ಗುರುತು ಬಿದ್ದ ರೀಜನ್ (ಒಟ್ಟಿಗೆ ಶೆಡ್ಯೂಲ್ ಆಗುವ ಇನ್‌ಸ್ಟ್ರಕ್ಷನ್‌ಗಳ ತುಂಡು) ಲೂಪಿನೊಳಗೆ ಇದ್ದರೆ ಮಾತ್ರ ಎರಡನೇ ಸಲ ಶೆಡ್ಯೂಲ್, ಅದೂ ಆ ಗುರುತಿನ ಸುತ್ತಮುತ್ತ ಮಾತ್ರ ಬಿಗಿ. ಎರಡನೆಯದು ಡಮ್ಮಿಯಲ್ಲಿ ಪಾಸಾಗದಿದ್ದರೆ ಮೊದಲಿನದಕ್ಕೇ ವಾಪಸ್. ಯಾವ ಲೋಡನ್ನು ಮೊದಲು ಕೆಳಗೆ ತಳ್ಳಬೇಕು ಅನ್ನುವ ಲೆಕ್ಕ ನಮ್ಮ ಹೊಟ್ಟೆಪಾಡು. ಅದನ್ನಿಲ್ಲಿ ಬಿಚ್ಚುವುದಿಲ್ಲ. ಲೇಟೆನ್ಸಿ ಒಂದನ್ನೇ ನೋಡಿದರೆ ತಪ್ಪು ಲೋಡ್ ಸರಿಯುತ್ತದೆ, ಅಷ್ಟು ಹೇಳಬಲ್ಲೆ.

ಬೇರು ಹೊಸದೇನಲ್ಲ. ಖಾಲಿ ರಿಜಿಸ್ಟರ್ ಕಡಿಮೆಯಾದಾಗ ಮೋಡ್ ಬದಲಿಸುವುದನ್ನು ಸಂಶೋಧಕರಾದ ಗುಡ್‌ಮನ್ ಮತ್ತು ಶೂ 1988ರಲ್ಲೇ ಬರೆದಿದ್ದಾರೆ. ಎಲ್‌ಎಲ್‌ವಿಎಂನ ಎಎಂಡಿ ಜಿಪಿಯು ಬ್ಯಾಕೆಂಡ್ ರೀಜನ್‌ಗಳನ್ನು ಹಂತ ಹಂತವಾಗಿ ಮತ್ತೆ ಶೆಡ್ಯೂಲ್ ಮಾಡಿ, ಲಾಭ ಇಲ್ಲದಿದ್ದರೆ ಹಿಂದಕ್ಕೆ ಹೋಗುತ್ತದೆ. ಗಡಿ ನೋಡುವ ಡಮ್ಮಿ ಮಾತ್ರ ನಮ್ಮದು.

ಆ ಫಿಲ್ಟರ್ ಇಪ್ಪತ್ತು ಪರ್ಸೆಂಟ್ ಆಸುಪಾಸು ಬೇಗ ಆಯಿತು. ಕ್ಲೈಂಟ್ ಪಟ್ಟಿಯ ಸರಾಸರಿ ಏಳು ದಾಟಿತು. ಎರಡು ಕರ್ನಲ್ ಒಂದೊಂದು ಪರ್ಸೆಂಟ್ ಹಿಂದೆ ಬಿದ್ದವು, ಯಾರೂ ಕೇಳಲಿಲ್ಲ. ಕಂಪೈಲ್ ಟೈಮ್? ಎರಡನೇ ಸಲ ಶೆಡ್ಯೂಲ್ ಆಗುವುದು ನೂರಕ್ಕೆ ಮೂರು ರೀಜನ್ ಇರಬಹುದು. ಒಟ್ಟು ಏರಿದ್ದು ಒಂದು ಪರ್ಸೆಂಟಿಗಿಂತ ಕಡಿಮೆ. ನಕ್ಕವರಿಗೆ ಗ್ರಾಫ್ ಕಳಿಸಿದ್ದೇನೆ. ಹಣ ಮಾತ್ರ ಎರಡೂವರೆ ತಿಂಗಳು ತಡವಾಗಿ ಬಂತು. ಅಳತೆ ಅವರ ಎಫ್‌ಪಿಜಿಎ ಮೇಲೇ ಆಗಬೇಕು ಅಂತ ಹಟ ಹಿಡಿದಿದ್ದರು.

ಲೂಪಿನೊಳಗೆ ಫಂಕ್ಷನ್ ಕಾಲ್ ಇದ್ದರೆ ಈ ಆಟ ನಡೆಯುವುದಿಲ್ಲ. ಸಾಮಾನ್ಯ ಕಾಲಿಂಗ್ ಕನ್ವೆನ್ಷನ್‌ನಲ್ಲಿ ವೆಕ್ಟರ್ ರಿಜಿಸ್ಟರ್‌ಗಳೆಲ್ಲ ಕಾಲರ್-ಸೇವ್ಡ್ (ಕರೆಯುವ ಫಂಕ್ಷನ್ನೇ ಉಳಿಸಿಕೊಳ್ಳಬೇಕಾದವು), ಕಾಲ್ ದಾಟಿ ಬದುಕುವ ಪ್ರತಿಯೊಂದೂ ಸ್ಟ್ಯಾಕಿಗೆ ಹೋಗಲೇಬೇಕು. ಅಂಥ ಲೂಪ್ ಕಂಡರೆ ಡಮ್ಮಿಯನ್ನೂ ಓಡಿಸದೆ ಮೊದಲ ಶೆಡ್ಯೂಲನ್ನೇ ಬಿಟ್ಟು ಮುಂದೆ ಹೋಗುತ್ತೇವೆ.